ಜಪಾನಿನ ಬೆಟ್ಟದ ಗುಡಿಗೆ ಮಂಡಿನೋವಿನವರು ಹೋಗಬಹುದೇ?

ಪ್ರಶ್ನೆ: ಮಗಳು ಒಸಾಕದಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ನಾನೂ ಯಜಮಾನರೂ ಹೋಗುತ್ತಿದ್ದೇವೆ. ಗದ್ದಲವಿಲ್ಲದ ಒಂದು ಬೌದ್ಧ ಗುಡಿ ನೋಡುವಾಸೆ. ಆದರೆ ಇವರಿಗೆ ಮಂಡಿನೋವು. ಎಲ್ಲಿಗೆ ಹೋಗಲಿ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಹಸೆದೆರಾಗೆ ಹೋಗಿ ಅಮ್ಮಾ. ನಾರಾ ಪ್ರಾಂತ್ಯದ ಸಕುರಾಯಿ ಊರಲ್ಲಿದೆ, ಒಸಾಕದಿಂದ ಕಿಂತೆತ್ಸು ರೈಲಿನಲ್ಲಿ ಸುಮಾರು ಒಂದು ಗಂಟೆ. ಟೋಕಿಯೊ ಕಡೆಯ ಕಾಮಕುರಾದಲ್ಲೂ ಇದೇ ಹೆಸರಿನ ಗುಡಿ ಇದೆ, ಮಗಳಿಗೆ ನಾರಾದ್ದು ಎಂದೇ ಹೇಳಿ.

ಮೆಟ್ಟಿಲು 399. ಹೆದರಬೇಡಿ. ನಾನು ಹಾಸನದವಳು, ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಎಷ್ಟೋ ಸಲ ಹತ್ತಿದ್ದೇನೆ. ಅಲ್ಲಿ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಮೇಲೆ ಸುಡುವ ಬಿಸಿಲು. ಹಸೆದೆರಾದಲ್ಲಿ ಮೆಟ್ಟಿಲುಗಳು ತೀರಾ ತಗ್ಗು, ಉದ್ದಕ್ಕೂ ಮರದ ಚಾವಣಿ, ತಲೆಯ ಮೇಲೆ ಸಾಲಾಗಿ ದುಂಡನೆಯ ಲಾಂದ್ರ. ಮಗನ ಮನೆಗೆ ಹೋಗಿದ್ದಾಗ ನವೆಂಬರ್‌ನಲ್ಲಿ ನಾನು ನಿಂತು ನಿಂತು ಹತ್ತಿದೆ. ಯಾರೂ ಅವಸರ ಮಾಡಲಿಲ್ಲ.

ಮಧ್ಯಾಹ್ನ 12ಕ್ಕೆ ಮೊದಲೇ ಮೇಲೆ ಇರಿ. ಆ ಹೊತ್ತಿಗೆ ಗಂಟೆ ಹೊಡೆದು ಸನ್ಯಾಸಿಗಳು ಶಂಖ ಊದುತ್ತಾರೆ. ನಾನು ಸುಮ್ನೆ ಕಣಿವೆ ನೋಡುತ್ತಾ ನಿಂತಿದ್ದೆ. ಆ ದನಿ ಕೇಳಿ ಕಣ್ಣು ತುಂಬಿ ಬಂತು. ಅಷ್ಟು ದೂರ ಹೋಗಿ ನಮ್ಮ ಮಂಗಳಾರತಿಯ ಶಂಖ ಕೇಳಿದ ಹಾಗಾಯಿತು.

ಒಳಗಿರುವುದು ಹನ್ನೊಂದು ಮುಖದ ಕನ್ನೋನ್, ಅಂದರೆ ಕರುಣೆಯ ಬೋಧಿಸತ್ವ, ನಮ್ಮ ಅವಲೋಕಿತೇಶ್ವರನೇ. 1538ರಲ್ಲಿ ಮರದಲ್ಲಿ ಮಾಡಿದ್ದು, ಎತ್ತರ 10 ಮೀಟರಿಗೂ ಹೆಚ್ಚು. ಎಡಗೈಯಲ್ಲಿ ಕಮಲದ ಹೂಜಿ, ಬಲಗೈಯಲ್ಲಿ ದಾರಿ ನಡೆಯುವವರು ಹಿಡಿಯುವಂಥ ಕೋಲು. ವಸಂತದಲ್ಲೂ ಶರತ್ಕಾಲದಲ್ಲೂ ಕೆಲವು ವಾರ, ಬೇರೆ ಟಿಕೆಟ್ ಕೊಂಡರೆ, ಪಾದ ಮುಟ್ಟಲು ಬಿಡುತ್ತಾರೆ. ಜನ ಮುಟ್ಟಿ ಮುಟ್ಟಿ ಆ ಪಾದ ಕಪ್ಪಗೆ ಹೊಳೆಯುತ್ತದೆ. ಆ ಟಿಕೆಟ್ ಖಂಡಿತ ತಗೊಳ್ಳಿ. ಕೈ ಮುಗಿದರೆ ಸಾಕು. ಚಪ್ಪಾಳೆ ತಟ್ಟುವುದು ಜಪಾನಿನ ಮೂಲಧರ್ಮವಾದ ಶಿಂಟೋದ ಗುಡಿಗಳಲ್ಲಿ, ಇಲ್ಲಲ್ಲ.

ಏಪ್ರಿಲ್ ಕೊನೆಗೆ ಮೆಟ್ಟಿಲಿನ ಎರಡೂ ಬದಿ ಬೊತಾನ್ (ಪಿಯೋನಿ) ಹೂ ಅರಳುತ್ತದೆ, ಒಂದೊಂದು ಊಟದ ಬಟ್ಟಲಷ್ಟು ದೊಡ್ಡದು. ಆದರೆ 29ರಿಂದ ಅವರಿಗೆ ರಜೆಗಳ ಸಾಲು, ಜನವೋ ಜನ. ಅದಕ್ಕೆ ಮುಂಚಿನ ವಾರದ ದಿನ ಬೆಳಿಗ್ಗೆ ಹೊರಡಿ.

ನೀವು ಸಸ್ಯಾಹಾರಿಗಳಾದರೆ ನೂಡಲ್ಸ್ ಸಾರಿನ ವಿಷಯದಲ್ಲಿ ಜೋಕೆ, ಮೀನಿನ ರಸ ಇರುತ್ತದೆ. ಗುಡಿಯ ಬೀದಿಯಲ್ಲಿ ಕುಸಾಮೋಚಿ ಸಿಗುತ್ತದೆ: ಸೊಪ್ಪು ಹಾಕಿ ಕುಟ್ಟಿದ ಅಕ್ಕಿ, ಒಳಗೆ ಸಿಹಿ ಕಾಳಿನ ಹೂರಣ. ನಮ್ಮ ಸಿಹಿ ಕಡುಬು ನೆನಪಾಗುತ್ತದೆ, ಅಲ್ವಾ!

ಇನ್ನೊಂದು ಮಾತು. ರೈಲು ನಿಲ್ದಾಣ ಎದುರಿನ ಗುಡ್ಡದ ಮೇಲಿದೆ. ಬರುವಾಗ ಇಳಿದ ದಾರಿಯನ್ನೇ ಮರಳುವಾಗ ಹತ್ತಬೇಕು. ಯಜಮಾನರನ್ನು ಬೀದಿಯಲ್ಲಿ ಅರ್ಧ ಗಂಟೆ ಕೂರಿಸಿ, ಚಹಾ ಕುಡಿಸಿ, ಆಮೇಲೆ ಹೊರಡಿ.