ಜಂತಿನ ಔಷಧಿ ಹಾಕಿದರೂ ಕುರಿಗಳು ಕಂದು ಹಾಕುತ್ತಿವೆ, ಯಾಕೆ?

ಔಷಧಿ ತಪ್ಪಿಸಿಲ್ಲ, ಕುರಿಗಳು ಚೆನ್ನಾಗಿ ಮೇಯುತ್ತಿವೆ, ಆದರೂ ಕಂದು ಹಾಕುತ್ತಿವೆ, ಹುಳದಿಂದ ಹೊಟ್ಟೆಯಲ್ಲಿರುವ ಮರಿ ಸಾಯುತ್ತದಾ ಅಂತ ಕೇಳಿದ್ದೀರಿ. ನಾನು ಪಶುವೈದ್ಯ. ನಿಮ್ಮ ವಿವರ ಓದಿದರೆ ನನಗೆ ಅನುಮಾನ ಬರುವುದು ಜಂತಿನ ಮೇಲಲ್ಲ, ಮೇವಿನ ಕೋಣೆಯಲ್ಲಿ ಮಲಗುವ ಬೆಕ್ಕಿನ ಮೇಲೆ.

ರಕ್ತ ಹೀರುವ ಜಂತು ಮರಿಯನ್ನು ನೇರವಾಗಿ ಮುಟ್ಟುವುದಿಲ್ಲ. ತಾಯಿ ಸೊರಗುತ್ತದೆ, ಅದರ ಜೊತೆ ಮರಿಯೂ ಸೊರಗುತ್ತದೆ. ಅಂಥ ಕುರಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತದೆ. (ಹಾಂ, ಗಬ್ಬದ ಮೊದಲ ತಿಂಗಳು ಆಲ್ಬೆಂಡಜೋಲ್ ಅನ್ನುವ ಜಂತಿನ ಔಷಧಿ ಹಾಕಬೇಡಿ. ಮರಿ ಊನವಾಗಬಹುದು.)

ಬೆಕ್ಕಿನಿಂದ ಹರಡುವ ಟಾಕ್ಸೊಪ್ಲಾಸ್ಮಾ ಬೇರೆಯದೇ ಕಥೆ. ಇದು ಕಣ್ಣಿಗೆ ಕಾಣದ ಪರಾವಲಂಬಿ, ಜಂತಿನ ಔಷಧಿಗೆ ಬಗ್ಗುವುದಿಲ್ಲ. ಇಲಿ ತಿಂದು ಸೋಂಕು ತಗುಲಿಸಿಕೊಂಡ ಎಳೆ ಬೆಕ್ಕು ಒಂದೆರಡು ವಾರ ಹೇಲಿನಲ್ಲಿ ಇದನ್ನು ಲಕ್ಷಗಟ್ಟಲೆ ಹೊರಹಾಕುತ್ತದೆ. ತೇವದ ಮಣ್ಣಿನಲ್ಲಿ ಅದು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಮೇವಿನ ಜೊತೆ ಕುರಿಯ ಹೊಟ್ಟೆ ಸೇರಿ, ರಕ್ತದಿಂದ ಮಾಸಿಗೆ, ಮಾಸಿನಿಂದ ಮರಿಗೆ ಹೋಗುತ್ತದೆ. ತಾಯಿ ಮಾತ್ರ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ.

ಮರಿಯ ಗತಿ ಏನು ಅನ್ನುವುದು ಸೋಂಕು ಯಾವಾಗ ತಗುಲಿತು ಅನ್ನುವುದರ ಮೇಲೆ. ಕುರಿಯ ಗಬ್ಬ ಸುಮಾರು 150 ದಿನ. ಮೊದಲ 50 ದಿನದೊಳಗಾದರೆ ಪಿಂಡ ಕರಗಿಹೋಗುತ್ತದೆ, ನೀವು ಗಬ್ಬ ನಿಂತಿಲ್ಲ ಅಂದುಕೊಳ್ಳುತ್ತೀರಿ. ನಡುವಿನಲ್ಲಾದರೆ ಮರಿ ಒಳಗೇ ಸಾಯುತ್ತದೆ. ಅವಳಿಯಿದ್ದರೆ ಒಂದು ಒಣಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ, ಇನ್ನೊಂದು ಜೀವ ಹಿಡಿದುಕೊಂಡು ನಿಲ್ಲಲಾರದೆ ಬಿದ್ದಿರುತ್ತದೆ. ಕೊನೆಯ ತಿಂಗಳಲ್ಲಾದರೆ ಮರಿಗೇ ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ, ಬಹುಪಾಲು ಸರಿಯಾಗಿಯೇ ಹುಟ್ಟುತ್ತವೆ.

ಮುಂದಿನ ಸಲ ಮಾಸನ್ನು ಎಸೆಯುವ ಮುಂಚೆ ತೊಳೆದು ನೋಡಿ. ಅದರ ಮೇಲಿನ ಕೆಂಪು ಗಂಟುಗಳಲ್ಲಿ ಸಜ್ಜೆ ಕಾಳಿನಷ್ಟು ಬಿಳಿ ಚುಕ್ಕೆಗಳಿದ್ದು, ನಡುವಿನ ಪೊರೆ ತಿಳಿಯಾಗಿದ್ದರೆ ನನ್ನ ಅನುಮಾನ ಬಹುತೇಕ ನಿಜ. ಕೈಗೆ ಗ್ಲೌಸ್ ಇರಲಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಈ ಕೆಲಸಕ್ಕೆ ಹತ್ತಿರವೂ ಬರಬಾರದು, ಅವರ ಹೊಟ್ಟೆಯ ಮಗುವಿಗೂ ಇದು ಹಬ್ಬುತ್ತದೆ.

ಆದರೂ ಬರೀ ಕಣ್ಣಿನ ಲೆಕ್ಕ ಸಾಲದು. ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದಲೂ ಕುರಿ ಕಂದು ಹಾಕುತ್ತದೆ. ಮಾಸು, ಸತ್ತ ಮರಿ ಎರಡನ್ನೂ ಐಸಿನಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದು ಲ್ಯಾಬಿಗೆ ಕಳಿಸಲು ಹೇಳಿ. ಮೇವಿನ ಕೋಣೆಗೆ ಬಾಗಿಲು ಹಾಕಿಸಿ.

ವರದಿ ಬರುವ ತನಕ ಕಂದು ಹಾಕಿದ ಕುರಿಗಳನ್ನು ಬೇರೆ ಕಟ್ಟಿ, ಸುಮ್ನೆ ಸಿಕ್ಕ ಬೆಲೆಗೆ ಮಾರಬೇಡಿ. ಟಾಕ್ಸೊ ಅಂತಲೇ ಬಂದರೆ ಅವುಗಳನ್ನೇ ಉಳಿಸಿಕೊಳ್ಳಿ. ಒಮ್ಮೆ ತಗುಲಿದ ಕುರಿ ಇದೇ ಕಾಯಿಲೆಗೆ ಮತ್ತೆ ಮರಿ ಕಳೆದುಕೊಳ್ಳುವುದು ತೀರ ಅಪರೂಪ.