ಅಪ್ಪಿಕೊಂಡರೆ ನನ್ನ ಗಂಡ ಮೈ ಬಿಗಿ ಮಾಡಿಕೊಳ್ಳುತ್ತಾರೆ. ಪ್ರೀತಿ ಇಲ್ಲವೆಂದು ಅರ್ಥವೇ? ಹೇಗೆ ನಿಭಾಯಿಸಲಿ?

ಅಷ್ಟರಿಂದಲೇ ಪ್ರೀತಿ ಇಲ್ಲ ಅಂತ ತೀರ್ಮಾನಿಸಬೇಡಿ. ಮುಟ್ಟುವುದನ್ನು ಪೂರ್ತಿ ಬಿಡುವುದೂ ಬೇಡ, ಒತ್ತಾಯವೂ ಬೇಡ. ಯಾವಾಗ, ಎಷ್ಟು ಹೊತ್ತು ಎಂಬುದನ್ನು ಸ್ವಲ್ಪ ದಿನ ಅವರಿಗೇ ಬಿಡಿ.

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಅಲ್ಲವೇ? ಆ ಸ್ಪರ್ಶ ಬರುತ್ತದೆಂದು ಮಿದುಳಿಗೆ ಮೊದಲೇ ಗೊತ್ತಿರುವುದರಿಂದ ಅದರ ತೀವ್ರತೆಯನ್ನು ತಗ್ಗಿಸಿಬಿಡುತ್ತದೆ. ಹೇಳದೆ ಬಂದ ಸ್ಪರ್ಶಕ್ಕೆ ಆ ರಿಯಾಯಿತಿ ಇಲ್ಲ. ಮುಟ್ಟಿ ಮಾತಾಡಿಸುವ ರೂಢಿಯಿಲ್ಲದ ಮನೆಯಲ್ಲಿ ಬೆಳೆದವರಿಗೆ, ಆಟಿಸಂ ಇರುವ ಎಷ್ಟೋ ಜನರಿಗೆ, ಹಿಂದೆಂದೋ ಕೆಟ್ಟ ಸ್ಪರ್ಶ ಅನುಭವಿಸಿದವರಿಗೆ ಅದು ಇನ್ನೂ ಜೋರಾಗಿ ತಾಗಬಹುದು. ಒಲೆ ಮುಂದೆ ಹಾಲು ಕಾಯಿಸುತ್ತ ನಿಂತವರನ್ನು ಹಿಂದಿನಿಂದ ತಬ್ಬಿದಾಗ ಭುಜ ಮೇಲೇರುತ್ತದಲ್ಲ, ಆ ಕ್ಷಣ ಅವರು ಬೆಚ್ಚಿಬಿದ್ದಿರುತ್ತಾರೆ.

ಹಾಗಾಗಿ ಎದುರಿಗೆ ಬಂದು ಕೇಳಿ: "ಪಕ್ಕದಲ್ಲಿ ಕೂರಲಾ? ಕೈ ಹಿಡಿದುಕೊಳ್ಳಲಾ?" "ಈಗ ಬೇಡ" ಅಂದರೆ ಮುನಿಸಿಕೊಳ್ಳದೆ ಒಪ್ಪಿಕೊಳ್ಳಿ. ಇದು ಕಷ್ಟ, ಆದರೆ ಇದರಿಂದ ಅವರ ಮೈ ಸಡಿಲಾಗುತ್ತಾ ಬರಬಹುದು. ಪ್ರತಿ ಅಪ್ಪುಗೆಯೂ ಹಾಸಿಗೆಯಲ್ಲೇ ಮುಗಿಯಬೇಕೇನೋ ಎಂಬ ಆತಂಕವೂ ಅನೇಕರಿಗಿರುತ್ತದೆ. ದಂಪತಿಗಳ ಲೈಂಗಿಕ ತೊಂದರೆಗಳಿಗೆಂದು ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಚಿಕಿತ್ಸಾ ಕ್ರಮ ಶುರುವಾಗುವುದೇ "ಸದ್ಯಕ್ಕೆ ಲೈಂಗಿಕ ಸಂಪರ್ಕ ಬೇಡ" ಎಂಬ ಒಪ್ಪಂದದಿಂದ; ದಂಪತಿ ಸರದಿಯಲ್ಲಿ ಸುಮ್ಮನೆ ಮುಟ್ಟುವುದನ್ನಷ್ಟೇ ಅಭ್ಯಾಸ ಮಾಡುತ್ತಾರೆ.

ನಿಮ್ಮ ಆಸೆಯೂ ಸಣ್ಣದಲ್ಲ. "ಮಲಗುವ ಮುಂಚೆ ಐದು ನಿಮಿಷ ಕೈ ಹಿಡಿದರೆ ನನಗೆ ಸಮಾಧಾನ" ಎಂದು ಬಿಡಿಸಿ ಹೇಳಿ. ಹಳೆಯ ಗಾಯದ ಸುಳಿವು ಕಂಡರೆ ಕೆದಕಬೇಡಿ. ಆಪ್ತಸಮಾಲೋಚಕರ ಬಳಿ ಜೊತೆಯಾಗಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.