ಬೆನಿನ್‌ನ ಗೇರುಬೀಜ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಗೇರುಬೀಜ ಫ್ಯಾಕ್ಟರಿಗೆ ಮೊದಲು ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಚೀಲಗಳು ಬರುತ್ತಿದ್ದವು. ಈಗಿಲ್ಲ. ಯಾಕಕ್ಕಾ?
– ಓದುಗರು, ಮಡಗಾಂವ್

ಉತ್ತರ: 2024ರ ಏಪ್ರಿಲ್‌ನಿಂದ ಅಲ್ಲಿನ ಸರ್ಕಾರ ಒಡೆಯದ ಬೀಜದ ರಫ್ತು ನಿಲ್ಲಿಸಿತು, ತಂಗಿ. ಅಲ್ಲಿನ ದೊಡ್ಡ ನಗರ ಕೊಟೊನೂ ಹತ್ತಿರ ಗ್ಲೋ-ಜಿಗ್ಬೆ ಕೈಗಾರಿಕಾ ವಲಯ ಕಟ್ಟಿ, ಅಲ್ಲೇ ಒಡೆಸುತ್ತಿದ್ದಾರೆ.

ನಾನೂ ಫೋಂಡಾದಲ್ಲಿ ಆರು ವರ್ಷ ಬೀಜ ಒಡೆದವಳು. ಬೆರಳಿಗೆ ಬೂದಿ ಹಚ್ಚಿಕೊಂಡರೂ ಸೊನೆ ತಾಗಿ ಚರ್ಮ ಸುಲಿಯುತ್ತಿತ್ತು. 100 ಕಿಲೋ ಬೀಜಕ್ಕೆ ಸಿಗುವುದು ಸುಮಾರು 25 ಕಿಲೋ ತಿರುಳು. ಆದರೆ ಜಾಸ್ತಿ ದುಡ್ಡು ಇರುವುದು ಅದರಲ್ಲೇ, ನಮ್ಮ ಕೂಲಿ ಹುಟ್ಟುವುದೂ ಅದರಿಂದಲೇ. ಆ ಕೂಲಿ ತಮ್ಮ ಊರಿನವರಿಗೆ ಸಿಗಲಿ ಅಂತ ಅವರು ಬಯಸುವುದು ನ್ಯಾಯವೇ ಅಲ್ವಾ?

ನನಗೆ ಚಿಂತೆ ಅಲ್ಲಿನ ರೈತರದು. ಹೊರಗಿನ ವ್ಯಾಪಾರಿ ಬರದಿದ್ದರೆ ಬೆಲೆ ಕೇಳುವವರು ಕಡಿಮೆ. ನಿಮ್ಮಲ್ಲಿಗೆ ಘಾನಾ, ಐವರಿ ಕೋಸ್ಟ್ ಬೀಜ ಬರುತ್ತಿದೆಯಾ? ಕೆಲಸದ ದಿನ ಕಡಿಮೆಯಾಗಿದ್ದರೆ ಬರೆದು ತಿಳಿಸಿ.